ಬೇವಿನ ಪಾಕ ಮತ್ತು ಅಪ್ಪನ ಅಭ್ಯಂಜನ

ಮೊದಲೇ ಹೇಳಿಬಿಡುತ್ತೇನೆ, ಈ ಇಡೀ ಪ್ರಕರಣದಲ್ಲಿ ನನ್ನದು ಎಳ್ಳಷ್ಟೂ ತಪ್ಪಿಲ್ಲ. ತಪ್ಪೆಲ್ಲ ಅಮ್ಮನದು, ಅಪ್ಪನದು, ಅಜ್ಜಿಯದು, ಮಹಡಿ ಮನೆಯ ಅಕ್ಕವ್ವ ಆಂಟಿಯದು ಮತ್ತು ಸ್ವಲ್ಪ ಮಟ್ಟಿಗೆ ನಮ್ಮ ಮನೆ ಮುಂದಿನ ಬೇವಿನ ಮರದ್ದು. ಮರಕ್ಕೆ ಬಾಯಿಲ್ಲ, ಅದನ್ನು ಕ್ಷಮಿಸಿದ್ದೇನೆ. ಉಳಿದವರಿಗೆ ಬೇಕಾದಷ್ಟು ಬಾಯಿದೆ, ಆದ್ದರಿಂದ ಕ್ಷಮಿಸಿಲ್ಲ.

ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ, ಬಾಟನಿ ನನ್ನ ಪ್ರಾಣ. (ಕೆಮಿಸ್ಟ್ರಿ ನನ್ನ ಪ್ರಾಣ ತೆಗೆಯುತ್ತದೆ, ಅದು ಬೇರೆ ವಿಷಯ.) ಯುಗಾದಿ ಕಳೆದ ಮೇಲೆ ನಮ್ಮ ಬಾಟನಿ ಕ್ಲಾಸಿನವರೆಲ್ಲ ನಾಲ್ಕು ದಿನ ಊಟಿಗೆ ಟೂರ್ ಹೊರಟಿದ್ದರು. ಮೂವತ್ತೆಂಟು ಜನರಲ್ಲಿ ಮೂವತ್ತೇಳು ಜನರ ಮನೆಗಳಲ್ಲಿ ಹೂಂ ಎಂದಿದ್ದರು. ಉಳಿದ ಒಂದು ಮನೆ ಕುರುಬರಹಳ್ಳಿಯ ಮೂರನೇ ಕ್ರಾಸಿನಲ್ಲಿದೆ, ಅದರ ಗೇಟಿನ ಮೇಲೆ ದೇವೇಂದ್ರಪ್ಪ ಎಂದು ನಮ್ಮಪ್ಪನ ಹೆಸರಿದೆ, ಒಳಗೆ ನಮ್ಮಮ್ಮ ಕಮಲಾಕ್ಷಮ್ಮನ ಆಡಳಿತವಿದೆ.

ಬೇಡ ಎನ್ನುವುದಕ್ಕೆ ಅಮ್ಮ ಕೊಟ್ಟ ಕಾರಣ ಕೇಳಿ. ಒಂದು ಲೋಟ ಕಾಫಿ ಬೆರೆಸಲು ಬಾರದವಳು ಊಟಿಗೆ ಹೋಗಿ ಏನು ಮಾಡುತ್ತಾಳಂತೆ. ಊಟಿಯಲ್ಲಿ ನನಗೆ ಯಾರೂ ಕಾಫಿ ಬೆರೆಸಲು ಹೇಳುವುದಿಲ್ಲ, ಅಲ್ಲಿ ಸಸ್ಯೋದ್ಯಾನ ನೋಡುವುದಿದೆ ಎಂದೆ. ಮನೆ ಮುಂದಿನ ತುಳಸಿಗೆ ನೀರು ಹಾಕದವಳಿಗೆ ಸಸ್ಯೋದ್ಯಾನ ಬೇರೆ ಕೇಡು ಎಂದರು. ಅಪ್ಪ ಪೇಪರಿನ ಹಿಂದಿನಿಂದ ನನ್ನ ಪರವಾಗಿ ಒಂದು ಸಲ ಕೆಮ್ಮಿದರು. ಅಮ್ಮ ಆ ಕಡೆ ನೋಡಿದ ಕೂಡಲೇ ಕೆಮ್ಮು ವಾಸಿಯಾಯಿತು.

ನಾನು ಎರಡು ಹೊತ್ತು ಊಟ ಬಿಟ್ಟೆ. (ಮಧ್ಯೆ ಮಧ್ಯೆ ತಿಂಡಿ ತಿಂದಿದ್ದು ಸತ್ಯಾಗ್ರಹದ ನಿಯಮಕ್ಕೆ ವಿರುದ್ಧವಲ್ಲ.) ಕೊನೆಗೆ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಂದು ಷರತ್ತು ಹಾಕಿದರು.

‘ನೋಡೇ ಚೇತನಾ, ಯುಗಾದಿ ದಿನ ನೀನೇ ಕೈಯಾರೆ ಏನಾದ್ರೂ ಒಂದು ಮಾಡು. ಈ ಮನೇಲಿ ಯಾರಾದ್ರೂ ಒಬ್ರು, ಒಬ್ರೇ ಒಬ್ರು, ತಿಂದು ಇನ್ನೊಂದ್ಸಲ ಹಾಕು ಅಂತ ಕೈ ಒಡ್ಡಲಿ. ಸೋಮವಾರಾನೇ ಹೋಗಿ ಹೆಸರು ಕೊಡು.’

ಯುಗಾದಿ ಶನಿವಾರ, ಟೂರಿಗೆ ಹೆಸರು ಕೊಡಲು ಸೋಮವಾರವೇ ಕೊನೆಯ ದಿನ. ನನ್ನ ಕೈಯಲ್ಲಿ ಹನ್ನೆರಡು ದಿನಗಳಿದ್ದವು. ಅನ್ನ ಮಾಡಿದರೆ ಗಂಜಿಯಾಗುವ, ಗಂಜಿ ಮಾಡಿದರೆ ಪಾತ್ರೆಯೇ ಸೀದುಹೋಗುವ ಕೈ ಅದು.

ಆದರೆ ವಿಜ್ಞಾನದ ವಿದ್ಯಾರ್ಥಿನಿ ಧೈರ್ಯಗೆಡುವುದಿಲ್ಲ. ನಾನು ಮತ್ತು ನನ್ನ ಗೆಳತಿ ರಮ್ಯ ಸೇರಿ ಬಸವೇಶ್ವರನಗರದ ಸೈಬರ್ ಸೆಂಟರಿನಲ್ಲಿ ಒಂದೇ ಕುರ್ಚಿಯ ಮೇಲೆ ಅರ್ಧರ್ಧ ಕೂತು ಹುಡುಕಿದೆವು. ಉಪ್ಪು ಹುಳಿ ಖಾರದ ಹದ ಬೇಡ, ಒಗ್ಗರಣೆ ಬೇಡ, ಹಿಟ್ಟು ನಾದುವುದು ಬೇಡ, ಆದರೂ ತಿಂದವರು ಇನ್ನೊಂದು ಸಲ ಕೈ ಒಡ್ಡಬೇಕು, ಅಂಥದ್ದೊಂದು ಪದಾರ್ಥ ಲೋಕದಲ್ಲಿ ಇರಲೇಬೇಕು ಎಂಬುದು ನನ್ನ ವಾದ. ಇತ್ತು! ಹಿಮ ಬೀಳುವ ದೇಶಗಳಲ್ಲಿ ಬರ್ಚ್ ಎಂಬ ಮರವಿದೆಯಂತೆ. ವಸಂತ ಬಂದಾಗ ಅದರ ಕಾಂಡಕ್ಕೆ ಬೆರಳು ಗಾತ್ರದ ತೂತು ಕೊರೆದು, ಒಂದು ಕೊಳವೆ ಸಿಕ್ಕಿಸಿ, ಕೆಳಗೆ ಬಕೆಟ್ ನೇತುಹಾಕಿದರೆ ಸಿಹಿ ನೀರು ತೊಟ್ಟಿಕ್ಕುತ್ತದೆ. ಅದನ್ನು ಕಾಯಿಸಿ ಕಾಯಿಸಿ ನೂರು ಲೀಟರನ್ನು ಒಂದು ಲೀಟರಿಗೆ ಇಳಿಸಿದರೆ ಜೇನಿನಂಥ ಪಾಕ ಸಿದ್ಧ. ಬೇಕಾದ ಸಾಮಾನು ಒಂದೇ, ಮರ. ಮಾಡಬೇಕಾದ ಕೆಲಸ ಒಂದೇ, ಕಾಯಿಸುವುದು. ನೀರು ಕಾಯಿಸಲು ನನಗೆ ಬರುತ್ತದೆ. ಓದುತ್ತ ಓದುತ್ತ ನನಗೆ ಊಟಿಯ ಬಸ್ಸಿನ ಹಾರನ್ ಕೇಳಿಸತೊಡಗಿತು.

‘ಎಲ್ಲಾ ಸರಿ ಕಣೇ, ಕುರುಬರಹಳ್ಳೀಲಿ ಬರ್ಚ್ ಮರ ಎಲ್ಲಿದೆ?’ ಎಂದಳು ರಮ್ಯ. ಇವಳಿಂದಲೇ ದೇಶ ಹಿಂದುಳಿದಿರುವುದು.

ಮನೆಗೆ ಬಂದು ನಿಘಂಟು ನೋಡಿದೆ. ಬರ್ಚ್ ಎಂದರೆ ಭೂರ್ಜ, ಹಿಂದೆ ಋಷಿಗಳು ಅದರ ತೊಗಟೆಯ ಮೇಲೆ ಬರೆಯುತ್ತಿದ್ದರು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮಜ್ಜಿ ಶಿವಗಂಗಮ್ಮನಿಗೆ ಈ ವಿಷಯ ಹೇಳಿದೆ. ಭೂರ್ಜಪತ್ರ ತಾನೇ, ತಮ್ಮ ಕೊರಳಿನ ತಾಯತದೊಳಗೆ ಅದೇ ಇದೆ ಎಂದರು ಅಜ್ಜಿ. ಆದರೆ ಅದು ತೊಗಟೆ ಮಾತ್ರ. ನನಗೆ ಮರ ಬೇಕಿತ್ತು. ಅಜ್ಜಿಯ ಕೊರಳಿಗೆ ತೂತು ಕೊರೆಯುವಂತಿರಲಿಲ್ಲ.

‘ಅದ್ಯಾವುದೋ ಹಿಮಾಲಯದ ಮರ ಯಾಕಮ್ಮಿ?’ ಎಂದರು ಅಜ್ಜಿ. ‘ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಸ ಗುಂಡುತೋಪಿನ ಬೇವಿನ ಮರ ಹದಿನೈದು ದಿನ ಹಾಲು ಸುರಿಸ್ತು. ಎಲ್ಲಾ ಹಂಡೇಲಿ ಹಿಡ್ಕಂಡು ಕಾಯಿಸಿ ಪಾಕ ಮಾಡಿದ್ರು. ಬಾಯಿಗಿಟ್ರೆ ಮೊದಲು ಸೀ, ಆಮೇಲೆ...’

ಆಮೇಲೆ ಏನಾಯಿತು ಎಂದು ಕೇಳುವ ಪುರುಸೊತ್ತು ನನಗಿರಲಿಲ್ಲ. ಸೀ ಎಂಬ ಅಕ್ಷರ ಕಿವಿಗೆ ಬಿದ್ದ ಕ್ಷಣ ನಾನು ಮಹಡಿಯ ಮೆಟ್ಟಿಲ ಮೇಲಿದ್ದೆ. (ಈ ಅರ್ಧ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ಮಹಡಿಯಲ್ಲಿ ನಮ್ಮ ಬಾಡಿಗೆದಾರರು ದುಂಡಪ್ಪ ಅಂಕಲ್ ಮತ್ತು ಅವರ ಹೆಂಡತಿ ಅಕ್ಕವ್ವ ಆಂಟಿ ಇದ್ದಾರೆ. ಬಾಗಲಕೋಟೆ ಕಡೆಯವರು. ಅಂಕಲ್ ಎಲೆಕ್ಟ್ರಿಷಿಯನ್, ಅವರ ಹತ್ತಿರ ಒಳ್ಳೆಯ ಡ್ರಿಲ್ಲಿಂಗ್ ಮೆಷಿನ್ ಇದೆ. ಆಂಟಿಯ ಹೆಸರಿನಲ್ಲಿ ಅಕ್ಕ, ಅವ್ವ ಇಬ್ಬರೂ ಇದ್ದಾರೆ, ನಾನು ಆಂಟಿಯನ್ನೂ ಸೇರಿಸಿದ್ದೇನೆ, ಹಾಗಾಗಿ ಅವರು ಬೈದರೆ ಮೂರು ಜನ ಬೈದಂತಾಗುತ್ತದೆ. ಅಂಕಲ್ ಈ ಅನುಭವವನ್ನು ಹದಿನಾಲ್ಕು ವರ್ಷಗಳಿಂದ ಪಡೆಯುತ್ತಿದ್ದಾರೆ.

‘ಬ್ಯಾಡ ತಂಗಿ,’ ಎಂದರು ಅಂಕಲ್. ‘ಬೇವಿನ ಗಿಡ ಅಂದ್ರ ನಮ್ಮಕಿಗೆ ದೇವರು. ಅದಕ್ಕ ನಾ ತೂತು ಹೊಡದ್ರ ಆಕಿ ನನಗ ಹೊಡೀತಾಳ.’

ಇದು ವಿಜ್ಞಾನ, ಇದು ನನ್ನ ಭವಿಷ್ಯ, ಇದು ಊಟಿ ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಅಂಕಲ್‌ಗೆ ಕರುಣೆ ಜಾಸ್ತಿ. ಹಬ್ಬಕ್ಕೆ ಒಂದು ವಾರವಿದ್ದಾಗ, ಶನಿವಾರ ಮಧ್ಯಾಹ್ನ, ಆಂಟಿ ತರಕಾರಿಗೆ ಹೋದ ಸಮಯ ನೋಡಿ, ಬಾಲ್ಕನಿಯಿಂದ ವೈರ್ ಇಳಿಬಿಟ್ಟು, ಬೇವಿನ ಮರದ ಹಿಂಬದಿಗೆ, ಅಂದರೆ ನಮ್ಮ ಕಾಂಪೌಂಡ್ ಗೋಡೆಯ ಕಡೆಗೆ, ಸೊಂಟದ ಎತ್ತರದಲ್ಲಿ ಒಂದು ತೂತು ಕೊರೆದರು. ಕೊರೆಯುವ ಮೊದಲು ಮೆಷಿನ್ನನ್ನೂ ಮರವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಪೈಪಿನ ಒಂದು ಗೇಣು ತುಂಡನ್ನು ಅದಕ್ಕೆ ಸಿಕ್ಕಿಸಿ, ಕೆಳಗೆ ನಾನು ಬಕೆಟ್ ಇಟ್ಟೆ.

ಶನಿವಾರ ಒಂದು ತೊಟ್ಟೂ ಬರಲಿಲ್ಲ. ಭಾನುವಾರ ಅಂಟು ಬಂತು, ಅದಕ್ಕೆ ಒಂದು ನೊಣ ಅಂಟಿಕೊಂಡಿತು. ಸೋಮವಾರ ಇನ್ನೊಂದು ನೊಣ. ಅಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿ, ಯುಗಾದಿಗೆ ನೊಣದ ಪಾಯಸವೇನೇ ಎಂದು ಕೇಳಿದರು. ಮಹಾನ್ ವಿಜ್ಞಾನಿಗಳ ತಾಯಂದಿರೂ ಹೀಗೇ ಇದ್ದಿರಬೇಕು.

ಮಂಗಳವಾರ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಗಂಟೆಯ ಸದ್ದು. ಕಿಟಕಿಯಿಂದ ನೋಡಿದರೆ ಅಕ್ಕವ್ವ ಆಂಟಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಪೂಜೆಯ ಗಂಟೆ ಹಿಡಿದು, ಬೇವಿನ ಮರದ ಹಿಂದೆ, ಅಂದರೆ ನನ್ನ ಪ್ರಯೋಗಾಲಯದಲ್ಲಿ ನಿಂತಿದ್ದರು. ಪೈಪಿನಿಂದ ಬೆಳ್ಳಗೆ ನೊರೆನೊರೆಯಾಗಿ ಹಾಲಿನಂಥ ನೀರು ಧಾರೆಯಾಗಿ ಸುರಿಯುತ್ತಿತ್ತು. ಬಕೆಟ್ ತುಂಬಿ ಹೊರಚೆಲ್ಲುತ್ತಿತ್ತು. ಕಾಂಡಕ್ಕೆ ಆಗಲೇ ಅರಿಶಿನ, ಕುಂಕುಮ, ಒಂದು ಹಸಿರು ಕುಪ್ಪಸದ ಬಟ್ಟೆ.

ನಾನು ಸಂತೋಷದಿಂದ ಕುಣಿಯುತ್ತ ಓಡಿದೆ. ಗೆದ್ದಿದ್ದೆ! ಆದರೆ ಹತ್ತಿರ ಹೋಗುವಷ್ಟರಲ್ಲಿ ಆಂಟಿ ನನ್ನ ಬಕೆಟ್ಟಿಗೆ ಒಂದು ಚಿಟಿಕೆ ಕುಂಕುಮ ಹಾಕಿ, ಉದ್ಧರಣೆಯಿಂದ ಒಂದು ಸಲ ತೀರ್ಥ ತೆಗೆದುಕೊಂಡು, ಉಳಿದದ್ದನ್ನು ಗೇಟಿನ ಹತ್ತಿರ ನಿಂತಿದ್ದ ಹಾಲಿನವರಿಗೆ, ಹೂವಿನವರಿಗೆ, ಎದುರುಮನೆಯವರಿಗೆ ಹಂಚತೊಡಗಿದ್ದರು. ಎಲ್ಲರೂ ಕಣ್ಣು ಮುಚ್ಚಿ ನನ್ನ ಊಟಿಯನ್ನು ಕುಡಿಯುತ್ತಿದ್ದರು.

‘ಆಂಟಿ, ಅದು ನನ್ನದು,’ ಎಂದೆ. ‘ಆ ತೂತು ನಾನು ಕೊರೆಸಿದ್ದು. ಪೈಪ್ ನೋಡಿ, ಕಂಪನಿ ಹೆಸರೇ ಇದೆ ಅದರ ಮೇಲೆ.’

ಆಂಟಿ ಪೈಪನ್ನು ನೋಡಿದರು. ಅದಕ್ಕೂ ಅರಿಶಿನ ಹಚ್ಚಿದ್ದರು.

‘ಮೂರ್ತಿ ಕಡಿಯೂಮುಂದ ಉಳಿ ಬೇಕಾಗಂಗಿಲ್ಲೇನವಾ?’ ಎಂದು ಶಾಂತವಾಗಿ ಕೇಳಿದರು. ‘ಹಂಗಂತ ಉಳೀನ ದೇವರಾಗತೈತೇನು? ನಿನ್ನ ಕೈಲಿಂದ ದೇವಿ ತೂತು ಹೊಡಸಿಕೊಂಡ್ಳು, ಅಷ್ಟ. ನಿಂದ ಆಗಿದ್ರ ಶನಿವಾರ ಯಾಕ ಬರಲಿಲ್ಲ? ಆಕಿ ವಾರ ಮಂಗಳವಾರ, ಆಕಿ ಮಂಗಳವಾರನ ಬಂದಾಳ.’

ಬಾಟನಿಯ ಎರಡು ವರ್ಷದ ಪಾಠಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಶನಿವಾರ ಯಾಕೆ ಬರಲಿಲ್ಲ ಎಂಬುದಕ್ಕೆ ಯಾವ ಅಧ್ಯಾಯದಲ್ಲೂ ಉತ್ತರವಿರಲಿಲ್ಲ. ಸಾಕ್ಷಿಗಾಗಿ ದುಂಡಪ್ಪ ಅಂಕಲ್ ಕಡೆ ನೋಡಿದೆ. ಅವರು ಬಾಲ್ಕನಿಯಲ್ಲಿ ನಿಂತು ಕರೆಂಟ್ ಕಂಬದ ವೈರುಗಳನ್ನು ಜೀವಮಾನದಲ್ಲಿ ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ಆಂಟಿ ಆಗಲೇ ಊರಿನಲ್ಲಿರುವ ತಮ್ಮ ತಾಯಿಗೆ ಫೋನ್ ಮಾಡಿ ವಿಷಯ ತಿಳಿಸಿಯಾಗಿತ್ತು. ಇನ್ನು ಅಂಕಲ್ ಸತ್ಯ ಹೇಳಿದರೆ ಎರಡು ಜಿಲ್ಲೆಗಳಲ್ಲಿ ಏಟು ತಿನ್ನಬೇಕು.

ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿತ್ತು. ತೀರ್ಥ ಕುಡಿದ ಹೂವಿನವರು ಎರಡನೇ ಸಲ ಕೈ ಒಡ್ಡಿದರು. ಒಳಗೆ ಓಡಿ ಅಮ್ಮನನ್ನು ಎಳೆದುಕೊಂಡು ಬಂದು ತೋರಿಸಿದೆ.

‘ಬೀದಿಯವರು ಲೆಕ್ಕಕ್ಕಿಲ್ಲ, ಮನೆಯವರು ಅಂದಿದ್ದೆ,’ ಎಂದರು ಅಮ್ಮ. ‘ಮತ್ತೆ ಇದನ್ನ ನೀನೆಲ್ಲೇ ಮಾಡಿದೆ? ಮರ ಮಾಡಿದ್ದು. ಕಾಯಿಸಿ ಪಾಕ ಮಾಡು, ಆಮೇಲೆ ಬಾ.’ ಹೀಗೆಂದು ತಾವೂ ಒಂದು ಉದ್ಧರಣೆ ತೀರ್ಥ ತೆಗೆದುಕೊಂಡು ಒಳಗೆ ಹೋದರು. ಎಂಥ ಅನ್ಯಾಯ ನೋಡಿ.

ಕೊನೆಗೆ ನಾನೂ ಆಂಟಿಯೂ ಒಂದು ಒಪ್ಪಂದಕ್ಕೆ ಬಂದೆವು. ಬೆಳಗ್ಗೆ ಎಂಟು ಗಂಟೆಯವರೆಗೆ ಸುರಿದದ್ದು ದೇವರ ಪಾಳಿ, ಎಂಟರ ನಂತರದ್ದು ವಿಜ್ಞಾನದ ಪಾಳಿ. ದೇವರ ಪಾಳಿಯಲ್ಲಿ ಭಕ್ತರಿರುತ್ತಿದ್ದರು, ವಿಜ್ಞಾನದ ಪಾಳಿಯಲ್ಲಿ ನಾನು, ಇರುವೆಗಳು, ಮತ್ತು ಆಗಾಗ ಬಂದು ಕಣ್ಣಲ್ಲೇ ಕ್ಷಮೆ ಕೇಳಿ ಹೋಗುವ ದುಂಡಪ್ಪ ಅಂಕಲ್. ಗುರುವಾರ ಸಂಜೆಯ ಹೊತ್ತಿಗೆ ನನ್ನ ಪಾಲಿಗೆ ನಾಲ್ಕು ಕೊಡ ಸಂಗ್ರಹವಾಯಿತು. ಕುಂಕುಮ, ಹೂವಿನ ಎಸಳು, ಊದುಬತ್ತಿಯ ಬೂದಿ ಎಲ್ಲವನ್ನೂ ಅಪ್ಪನ ಹಳೆಯ ಪಂಚೆಯಲ್ಲಿ ಸೋಸಿದೆ.

ನಾಲ್ಕು ಕೊಡವನ್ನು ಗ್ಯಾಸಿನ ಮೇಲೆ ಕಾಯಿಸುತ್ತೇನೆ ಎಂದಾಗ ಅಮ್ಮ ಸಿಲಿಂಡರಿಗೆ ಅಡ್ಡಲಾಗಿ ನಿಂತರು. ಸಿಲಿಂಡರ್ ಮುಗಿದರೆ ಹಬ್ಬದ ದಿನ ಒಬ್ಬಟ್ಟನ್ನು ಬಿಸಿಲಲ್ಲಿ ಬೇಯಿಸಬೇಕಾ ಎಂದರು. ಹಾಗಾಗಿ ಉಳಿದದ್ದು ಹಿತ್ತಲಿನ ಬಚ್ಚಲುಮನೆಯ ತಾಮ್ರದ ಹಂಡೆ. ನಮ್ಮಲ್ಲಿ ಗೀಸರ್ ಇದೆ, ಆದರೆ ಅಜ್ಜಿಗೆ ಅದರ ನೀರು ಮೈಗೆ ಹತ್ತುವುದಿಲ್ಲ, ಅದಕ್ಕೇ ಹಂಡೆ ಇನ್ನೂ ಒಲೆಯ ಮೇಲೆ ಉಳಿದಿದೆ. ಶುಕ್ರವಾರ, ಯುಗಾದಿ ಅಮಾವಾಸ್ಯೆಯ ದಿನ, ಕಾಲೇಜಿಗೆ ನಾನೇ ರಜೆ ಘೋಷಿಸಿ, ಹಂಡೆಗೆ ನಾಲ್ಕು ಕೊಡವನ್ನೂ ಸುರಿದು, ತೆಂಗಿನ ಗರಿ, ಮಟ್ಟೆ, ಚಿಪ್ಪು ಹಾಕಿ ಬೆಂಕಿ ಹೊತ್ತಿಸಿದೆ. ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಊದಿದೆ. ಕಣ್ಣು ಕೆಂಪಾಯಿತು, ಮುಂಗೂದಲು ಸ್ವಲ್ಪ ಸುಟ್ಟಿತು, ಮೈಯೆಲ್ಲ ಹೊಗೆ ವಾಸನೆ. ಆದರೆ ಸಂಜೆ ಮುಚ್ಚಳ ತೆಗೆದು ನೋಡಿದಾಗ ನಾಲ್ಕು ಕೊಡ ಒಂದು ಕೊಡಕ್ಕೆ ಇಳಿದು, ಚಹಾದ ಬಣ್ಣಕ್ಕೆ ತಿರುಗಿ, ಕೈಗೆ ಅಂಟತೊಡಗಿತ್ತು. ನಾಳೆ ಬೆಳಗ್ಗೆ ಇನ್ನೆರಡು ಗಂಟೆ ಕಾಯಿಸಿದರೆ ಪಾಕ. ಒಲೆಯಲ್ಲಿ ಕೆಂಡ ಹಾಗೇ ಬಿಟ್ಟು, ಹಂಡೆಯ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದೆ. ದಪ್ಪ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ‘ಎಕ್ಸ್‌ಪೆರಿಮೆಂಟ್ ಇನ್ ಪ್ರೋಗ್ರೆಸ್, ಡು ನಾಟ್ ಟಚ್’ ಎಂದು ಬರೆದಿದ್ದೆ. ಅಂಟಿಸಲು ಗೋಂದು ಬೇಕಾಗಲಿಲ್ಲ, ಹಂಡೆಯಲ್ಲಿದ್ದದ್ದೇ ಸಾಕಾಯಿತು.

ಈಗ ನೀವು ಕನ್ನಡದಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಬಹುದು. ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ.

ಶನಿವಾರ ನಾನು ಏಳಕ್ಕೆ ಎದ್ದೆ. ಹಿಂದಿನ ದಿನ ಹನ್ನೊಂದು ಗಂಟೆ ಕಾಲ ಬೆಂಕಿ ಊದಿದವಳು ಏಳಕ್ಕೆ ಎದ್ದದ್ದೇ ಪವಾಡ, ಬೇಕಾದರೆ ಅದಕ್ಕೂ ಅರಿಶಿನ ಹಚ್ಚಲಿ. ಹಿತ್ತಲಿಗೆ ಹೋದರೆ ಬಚ್ಚಲುಮನೆಯ ಬಾಗಿಲು ಹಾಕಿತ್ತು. ಒಳಗಿನಿಂದ ಧಬ ಧಬ ನೀರು ಸುರಿಯುವ ಸದ್ದು, ಜೊತೆಗೆ ಅಪ್ಪನ ಗೊಣಗಾಟ. ಬಾಗಿಲ ಹೊರಗೆ ಅಜ್ಜಿ ಹರಳೆಣ್ಣೆಯ ಬಟ್ಟಲು ಹಿಡಿದು, ಮುಖದಲ್ಲಿ ಹಬ್ಬದ ಕಳೆ ಇಟ್ಟುಕೊಂಡು ಕೂತಿದ್ದರು.

ಯುಗಾದಿಯ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು, ಬೇವಿನ ಸೊಪ್ಪು ಹಾಕಿ ಕಾಯಿಸಿದ ಬಿಸಿನೀರು ಹುಯ್ದುಕೊಳ್ಳದಿದ್ದರೆ ನಮ್ಮ ಮನೆಯಲ್ಲಿ ಹೊಸ ವರ್ಷ ಒಳಗೇ ಬರುವುದಿಲ್ಲ. ಇದು ನನಗೆ ಹುಟ್ಟಿದಂದಿನಿಂದ ಗೊತ್ತು. ಹತ್ತೊಂಬತ್ತು ಯುಗಾದಿಗಳಲ್ಲಿ ನಾನೂ ಆ ಹಂಡೆಯ ನೀರಿನಲ್ಲೇ ಮಿಂದಿದ್ದೇನೆ. ಆದರೆ ಹಿಂದಿನ ದಿನವಿಡೀ ಅದೇ ಹಂಡೆಯ ಮುಂದೆ ಕೂತಿದ್ದವಳಿಗೆ ಅದು ನೆನಪಾಗಲಿಲ್ಲ ಎಂದರೆ, ಅದು ಏಕಾಗ್ರತೆಯ ಲಕ್ಷಣವೇ ಹೊರತು ಅಮ್ಮ ಹೇಳುವ ಇನ್ನೊಂದು ಲಕ್ಷಣವಲ್ಲ.

‘ನಮ್ಮಮ್ಮಿ ಬುದ್ಧಿವಂತೆ ಕಣಮ್ಮ,’ ಎಂದರು ಅಜ್ಜಿ ನನ್ನ ಗಲ್ಲ ಸವರಿ. ‘ಎದ್ದು ಬಂದು ಮುಚ್ಚಳ ತೆಗೀತೀನಿ, ಘಮ್ಮಂತ ಬೇವಿನ ವಾಸನೆ, ಕಷಾಯದ ಬಣ್ಣ. ಸೊಪ್ಪು ಹಾಕಿ ನೀರು ಕಾಯಿಸಿಟ್ಟು, ದೇವರ ಚೀಟಿ ಬೇರೆ ಅಂಟಿಸವ್ಳೆ. ಮೊದಲನೇ ಸಲ ಮನೆ ಕೆಲಸ ಕಲಿತ್ಲಲ್ಲ ಅಂತ ಕಣ್ಣಲ್ಲಿ ನೀರು ಬಂತು. ಚೀಟಿಗೆ ಕುಂಕುಮ ಇಟ್ಟೆ.’

ನನ್ನ ಕಣ್ಣಲ್ಲೂ ನೀರು ಬಂತು. ಹಂಡೆಯಲ್ಲಿ ಎಷ್ಟಿತ್ತು ಎಂದು ಕೇಳಿದೆ.

‘ಒಂದೇ ಕೊಡ ಇತ್ತು. ಸುಡ್ತಿತ್ತು. ಇನ್ನೆರಡು ಕೊಡ ತಣ್ಣೀರು ಬೆರೆಸ್ದೆ.’

ಹನ್ನೊಂದು ಗಂಟೆ ಕಾಲ ನಾನು ಊದಿ ಊದಿ ಆಕಾಶಕ್ಕೆ ಕಳಿಸಿದ ನೀರನ್ನು ನಮ್ಮಜ್ಜಿ ಎರಡು ನಿಮಿಷದಲ್ಲಿ ವಾಪಸ್ ತಂದಿದ್ದರು.

ಒಳಗಿನಿಂದ ಅಪ್ಪನ ದನಿ ಬಂತು. ‘ಅಮ್ಮಾ, ಇದ್ಯಾವ ಎಣ್ಣೆ ಹಚ್ಚಿದ್ಯಮ್ಮ? ಹುಯ್ಕೊಂಡಷ್ಟೂ ಅಂಟ್ತಾ ಇದೆ. ಬಿಡ್ತಾನೇ ಇಲ್ಲ.’

‘ಇನ್ನೂ ನಾಕು ಚೊಂಬು ಹುಯ್ಕೊಳಪ್ಪ, ಬಿಡ್ತದೆ,’ ಎಂದರು ಅಜ್ಜಿ.

ನಾನು ಬಾಗಿಲು ಬಡಿದೆ. ಅಪ್ಪಾ ಹುಯ್ಕೋಬೇಡಿ, ಅದು ನನ್ನ ಟೂರು ಎಂದು ಕೂಗಿದೆ. ಒಳಗೆ ಅಪ್ಪನಿಗೆ ನೀರಿನ ಸದ್ದಿನಲ್ಲಿ ಕೇಳಿಸಿದ್ದು ಹುಯ್ಕೋ ಎಂಬ ಭಾಗ ಮಾತ್ರ ಇರಬೇಕು. ಧಬ, ಧಬ, ಧಬ. ಒಂದೊಂದು ಚೊಂಬಿಗೂ ಊಟಿಯ ಬಸ್ಸು ಒಂದೊಂದು ಊರು ದಾಟಿ ಹೋಯಿತು.

ಅಪ್ಪ ಹೊರಗೆ ಬಂದಾಗ ಸೂರ್ಯನ ಬೆಳಕಿನಲ್ಲಿ ಮೈಯೆಲ್ಲ ಮಿರಿ ಮಿರಿ ಮಿನುಗುತ್ತಿತ್ತು. ಹಿತ್ತಾಳೆಯ ವಿಗ್ರಹಕ್ಕೆ ಹುಣಸೇಹಣ್ಣು ಹಾಕಿ ತಿಕ್ಕಿದಂತಿದ್ದರು. ಟವೆಲಿನಲ್ಲಿ ಒರೆಸಿಕೊಂಡರು, ಟವೆಲ್ ಅವರೊಂದಿಗೇ ಉಳಿಯಿತು. ಹೊಸ ಬನಿಯನ್ ಅರ್ಧ ಎದೆಯವರೆಗೆ ಇಳಿದು ಅಲ್ಲೇ ನಿಂತಿತು, ಅಮ್ಮ ಮತ್ತು ಅಜ್ಜಿ ಎರಡು ಕಡೆಯಿಂದ ಎಳೆದು ಅದನ್ನು ಕೆಳಗೆ ತಂದರು. ಪಂಚಾಂಗ ಕೇಳಲು ಕೂತ ಐದನೇ ನಿಮಿಷಕ್ಕೆ ಅಪ್ಪ ಮೊಣಕೈ ಕೆರೆದುಕೊಂಡರು. ಹತ್ತನೇ ನಿಮಿಷಕ್ಕೆ ಎದ್ದು ನಿಂತರು. ನನ್ನ ವಿಜ್ಞಾನದ ಪಾಳಿಯ ಇರುವೆಗಳು ಸಾಲಾಗಿ ನಡುಮನೆ ದಾಟಿ ಅಪ್ಪನ ಕುರ್ಚಿಯನ್ನು ಹುಡುಕಿಕೊಂಡು ಬಂದಿದ್ದವು. ಈ ವರ್ಷ ಯಾವ ರಾಶಿಗೆ ಎಷ್ಟು ಆದಾಯ ಎಷ್ಟು ವ್ಯಯ ಎಂದು ಇವತ್ತಿಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪ ಗೀಸರಿನ ನೀರಿನಲ್ಲಿ ಮತ್ತೆ ಎರಡು ಸಲ ಸ್ನಾನ ಮಾಡಿದರು.

ಎಲ್ಲರೂ ನನ್ನನ್ನು ಬೈದರು. ನನ್ನ ನಾಲ್ಕು ಕೊಡ ಹೋದ ಬಗ್ಗೆ ಒಬ್ಬರಾದರೂ ಅಯ್ಯೋ ಎಂದರಾ? ಇಲ್ಲ. ಪ್ರಯೋಗಾಲಯದಲ್ಲಿ ಸ್ನಾನ ಮಾಡಿದವರದು ತಪ್ಪೋ, ಪ್ರಯೋಗ ಮಾಡಿದವಳದು ತಪ್ಪೋ, ನೀವೇ ಹೇಳಿ.

ಆದರೆ ಹಂಡೆಯ ತಳದಲ್ಲಿ ಐದಾರು ಚೊಂಬು ಉಳಿದಿತ್ತು. ನಾನು ಮತ್ತೆ ಬೆಂಕಿ ಹೊತ್ತಿಸಿದೆ. ಅಪ್ಪನ ಸ್ನಾನದ ನೀರಿನಲ್ಲಿ ಪಾಕ ಮಾಡುತ್ತಿದ್ದೀಯಾ ಎಂದು ಅಮ್ಮ ಮೂಗು ಮುಚ್ಚಿಕೊಂಡರು. ಅದು ಅಪ್ಪ ಸ್ನಾನ ಮಾಡಿದ ನೀರಲ್ಲ, ಅಪ್ಪ ಸ್ನಾನ ಮಾಡದೆ ಬಿಟ್ಟ ನೀರು, ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ಬಿಡಿಸಿ ಹೇಳಿದೆ. ಮಧ್ಯಾಹ್ನ ಎರಡು ಗಂಟೆಗೆ, ಎಲೆ ಹಾಕುವ ಹೊತ್ತಿಗೆ, ಒಂದು ಪುಟ್ಟ ಬಟ್ಟಲು ತುಂಬ ಪಾಕ ಇಳಿಯಿತು. ಕಪ್ಪಗೆ, ಮಂದವಾಗಿ, ಚಮಚದಿಂದ ಎತ್ತಿದರೆ ನೂಲಿನಂತೆ ಇಳಿಯುವ ಪಾಕ. ಇಡೀ ಕುರುಬರಹಳ್ಳಿಯಲ್ಲಿ ಇಂಥದ್ದನ್ನು ಮಾಡಿದ ಮೊದಲ ಬಾಟನಿ ವಿದ್ಯಾರ್ಥಿನಿ ನಾನು. ಬೆರಳಿಗೆ ಹತ್ತಿದ್ದನ್ನು ಸಹ ನೆಕ್ಕಲಿಲ್ಲ, ಒಂದು ಹನಿಯೂ ವ್ಯರ್ಥವಾಗಬಾರದಲ್ಲ.

ಇದು ಯುಗಾದಿಯ ವಿಶೇಷ, ಬೇವು ಬೆಲ್ಲ ಎರಡೂ ಒಂದರಲ್ಲೇ ಇದೆ ಎಂದು ಸಣ್ಣ ಭಾಷಣ ಮಾಡಿ ಎಲ್ಲರ ಒಬ್ಬಟ್ಟಿನ ಮೇಲೆ ಒಂದೊಂದು ಚಮಚ ಹಾಕಿದೆ. ನಾನೂ ಹಾಕಿಕೊಂಡೆ. ಒಂದು ಕ್ಷಣ ನಾಲಿಗೆಯ ಮೇಲೆ ಸಿಹಿ, ನಿಜವಾಗಿಯೂ ಸಿಹಿ, ಕಾಕಂಬಿಯಂಥ ಸಿಹಿ. ಆ ಕ್ಷಣದಲ್ಲಿ ನಾನು ಊಟಿಯಲ್ಲಿದ್ದೆ. ಮರುಕ್ಷಣ ಕಹಿ ಬಂತು. ಅದು ಬರುವ ಕಹಿಯಲ್ಲ, ಬಂದು ನೆಲೆಸುವ ಕಹಿ. ನಾಲಿಗೆಯಿಂದ ಗಂಟಲಿಗೆ, ಗಂಟಲಿನಿಂದ ಕಿವಿಗೆ ಹೋಗಿ ಅಲ್ಲಿ ಚಾಪೆ ಹಾಸಿಕೊಂಡು ಕೂತಿತು. ಅಮ್ಮ ಕಣ್ಣು ಮುಚ್ಚಿ ನುಂಗಿ ಎರಡು ಲೋಟ ನೀರು ಕುಡಿದರು. ನಾನು ಮುಖದ ಮೇಲೆ ನಗು ಇಟ್ಟುಕೊಂಡೇ ಅಪ್ಪನ ಕಡೆ ನೋಡಿದೆ. ಅಪ್ಪ ತಮ್ಮ ಒಬ್ಬಟ್ಟನ್ನು ಮುಟ್ಟಿರಲಿಲ್ಲ.

‘ನಂದು ಬೆಳಗ್ಗೆನೇ ಆಯ್ತಮ್ಮ,’ ಎಂದರು.

ಎಲ್ಲ ಮುಗಿಯಿತು ಎಂದುಕೊಂಡೆ. ಬಟ್ಟಲು ಎತ್ತಿಕೊಂಡು ಏಳುವಷ್ಟರಲ್ಲಿ ಪಕ್ಕದಿಂದ ಒಂದು ಕೈ ಮುಂದೆ ಬಂತು. ಸುಕ್ಕುಗಟ್ಟಿದ, ಹಸಿರು ಬಳೆಯ ಕೈ. ಅಜ್ಜಿ ತಮ್ಮ ಪಾಲಿನದನ್ನು ಒಂದು ಚೂರೂ ಬಿಡದೆ ತಿಂದು ಮುಗಿಸಿದ್ದರು.

‘ಇನ್ನೊಂದು ವಸಿ ಹಾಕಮ್ಮಿ,’ ಎಂದರು.

ಅಮ್ಮ ಲೋಟ ಹಿಡಿದವರು ಹಾಗೇ ನಿಂತರು. ನಾನು ಅಮ್ಮನ ಕಡೆ ತಿರುಗಿ, ಕೇಳಿಸಿತಾ, ಕೈ ಒಡ್ಡಿದ್ದಾರೆ, ಮನೆಯವರು, ತಿಂದು, ಎರಡನೇ ಸಲ, ಎಂದು ಒಂದೊಂದೇ ಷರತ್ತನ್ನು ಬೆರಳು ಮಡಚಿ ತೋರಿಸಿದೆ. ಸೋಮವಾರ ಬೆಳಗ್ಗೆ ಹಾಕಿಕೊಳ್ಳಬೇಕಾದ ಡ್ರೆಸ್ ಸಹ ಮನಸ್ಸಿನಲ್ಲೇ ಆರಿಸಿದೆ. ಸಂತೋಷದಲ್ಲಿ ಚಮಚದ ಗೊಡವೆಗೇ ಹೋಗದೆ ಬಟ್ಟಲಲ್ಲಿದ್ದ ಅಷ್ಟೂ ಪಾಕವನ್ನು ಅಜ್ಜಿಯ ಅಂಗೈಗೆ ಸುರಿದೆ.

ಅಜ್ಜಿ ಎಡಗೈಯಿಂದ ಸೀರೆಯನ್ನು ಮಂಡಿಯವರೆಗೆ ಮೇಲೆ ಸರಿಸಿದರು. ಬಲಗೈಯಲ್ಲಿದ್ದ ಪಾಕವನ್ನು ನಿಧಾನವಾಗಿ, ಪ್ರೀತಿಯಿಂದ, ಎರಡೂ ಮಂಡಿಗಳಿಗೆ ಹಚ್ಚಿ ತಿಕ್ಕತೊಡಗಿದರು.

‘ಅವತ್ತೇ ಹೇಳ್ತಿದ್ದೆ, ನೀನು ಮಾತು ಮುಗಿಯೋ ಮುಂಚೆ ಓಡ್ದೆ,’ ಎಂದರು. ‘ಬಾಯಿಗಿಟ್ರೆ ಮೊದಲು ಸೀ, ಆಮೇಲೆ ಮೂರು ದಿನ ಕಹಿ. ಅದಕ್ಕೇ ಯಾರೂ ತಿಂತಿರ್ಲಿಲ್ಲ, ಮಂಡಿನೋವಿಗೆ ಹಚ್ಕತ್ತಿದ್ರು. ಹಬ್ಬದ ದಿನ ಎಲೇಲಿ ಬಿಡಬಾರ್ದು ಅಂತ ತಿಂದೆ. ಚೆಂದಾಗಿ ಅಂಟದೆ ಕಣಮ್ಮಿ. ನಮ್ಮತ್ತೆಗೂ ಇಷ್ಟು ಹದ ಬರ್ತಿರ್ಲಿಲ್ಲ.’

ಅಮ್ಮ ‘ಮಂಡಿಗೆ ಹಚ್ಚೋಕೆ ಕೇಳಿದ್ದು ಲೆಕ್ಕಕ್ಕಿಲ್ಲ’ ಎಂದು ಲೋಟ ಕೆಳಗಿಟ್ಟು, ಅಪ್ಪನ ಎಲೆಗೆ ಪಾಕವಿಲ್ಲದ ಒಂದು ಒಬ್ಬಟ್ಟು ಹಾಕಿ, ತುಪ್ಪ ಬಡಿಸಿದರು.

ಸೋಮವಾರ ಬೆಳಗ್ಗೆ ಮೂವತ್ತೇಳು ಜನ ಟೂರಿಗೆ ಹೆಸರು ಕೊಟ್ಟರು. ಅದೇ ಹೊತ್ತಿಗೆ ನಾನು ಹಿತ್ತಲಲ್ಲಿ ಎರಡನೇ ಹಂಡೆಗೆ ಬೆಂಕಿ ಊದುತ್ತಿದ್ದೆ. ಮುಂದಿನ ಜಗಲಿಯ ಮೇಲೆ ಅಜ್ಜಿಯ ಐದು ಜನ ಗೆಳತಿಯರು ಸಾಲಾಗಿ ಕಾಲು ಚಾಚಿ, ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡು ಕೂತಿದ್ದರು. ಪಾಕ ಇಳಿದ ಮೇಲೆ ಐದೂ ಜನ ಎರಡನೇ ಸಲ ಕೈ ಒಡ್ಡಿದರು.